ಉದ್ದವಾದ ಕೊಳವೆ

ನನ್ನ ಅಂಗಡಿಯ ಗಾಜಿನ ಲೋಟಗಳು ತಾವಾಗಿಯೇ ನಡೆಯುತ್ತವೆ. ಬೆಳಿಗ್ಗೆ ಸಾಲಾಗಿ ಜೋಡಿಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹಲಗೆಯ ಅಂಚಿಗೆ ಬಂದು ನಿಂತಿರುತ್ತವೆ. ದೆವ್ವದ ಕಾಟವೇನೂ ಅಲ್ಲ, ಎದುರು ಮನೆಯ ಅಳಿಯನ ಕಾಟ. ಹೆಸರು ದಾರ್ನಿಸ್. ಪರಿಯಾಮನ್ ಕಡೆಯವನು. ಅವರ ಊರಿನಲ್ಲಿ ಅಣ್ಣನಿಗೆ ಅಜೊ ಎನ್ನುತ್ತಾರಾದ್ದರಿಂದ ನಮ್ಮ ಲುಬುಕ್ ಬುವಾಯದಲ್ಲಿ ಎಲ್ಲರೂ ಅವನನ್ನು ಅಜೊ ಎಂದೇ ಕರೆಯುತ್ತಾರೆ. ಅವನಿಗಿಂತ ಹಿರಿಯರೂ ಕರೆಯುತ್ತಾರೆ. ಅವನ ಕಸುಬು ಊರೊಳಗೆ ಜನ ಸಾಗಿಸುವ ಅಂಗ್ಕೋಟ್ ವ್ಯಾನುಗಳಿಗೆ ಬೇಸ್ ಪೆಟ್ಟಿಗೆ, ಎಂದರೆ ಕೆಳದನಿಯ ಸ್ಪೀಕರ್ ಪೆಟ್ಟಿಗೆ, ಮಾಡಿಕೊಡುವುದು.

ನಮ್ಮ ಪಾಡಾಂಗ್ ನಗರದಲ್ಲಿ ಅಂಗ್ಕೋಟ್ ಓಡಿಸುವವನಿಗೆ ಬ್ರೇಕ್ ಇದೆಯೇ ಎಂದು ಯಾರೂ ಕೇಳುವುದಿಲ್ಲ, ಬೇಸ್ ಇದೆಯೇ ಎಂದು ಕೇಳುತ್ತಾರೆ. ಕಾಲೇಜಿನ ಮಕ್ಕಳು ರಸ್ತೆ ಬದಿಯಲ್ಲಿ ನಿಂತು, ಸದ್ದಿಲ್ಲದೆ ಬಂದ ವ್ಯಾನನ್ನು ಖಾಲಿಯಾಗಿಯೇ ಮುಂದಕ್ಕೆ ಕಳಿಸುತ್ತಾರೆ. ಪರೀಕ್ಷೆಗೆ ತಡವಾದರೂ ಸರಿ, ಎದೆಗೆ ಗುದ್ದುವ ವ್ಯಾನು ಬರಬೇಕು. ಆದ್ದರಿಂದ ದಾರ್ನಿಸನಿಗೆ ಕೆಲಸ ತಪ್ಪಿದ್ದಿಲ್ಲ, ನನಗೆ ತಲೆನೋವು ತಪ್ಪಿದ್ದಿಲ್ಲ.

ಪೆಟ್ಟಿಗೆ ಎಂದರೆ ನಾಲ್ಕು ಹಲಗೆಗೆ ಮೊಳೆ ಹೊಡೆದು ಸ್ಪೀಕರ್ ಕೂರಿಸುವುದಲ್ಲವಂತೆ. ಅದಕ್ಕೊಂದು ಬಾಯಿ ಇರಬೇಕು, ಬಾಯಿಂದ ಒಳಕ್ಕೆ ಒಂದು ಕೊಳವೆ ಇರಬೇಕು. ಸ್ಪೀಕರ್ ಗುದ್ದಿದಾಗ ಒಳಗಿನ ಗಾಳಿ ಆ ಕೊಳವೆಯಲ್ಲಿ ಹೋಗಿ ಬಂದು ಅದರ ದನಿಗೆ ದನಿ ಕೂಡಿಸುತ್ತದೆ. ಕೊಳವೆ ಉದ್ದವಾದಷ್ಟೂ ಶ್ರುತಿ ಕೆಳಗಿಳಿಯುತ್ತದೆ, ಗಿಡ್ಡವಾದಷ್ಟೂ ಮೇಲೇರುತ್ತದೆ. ಇದನ್ನೆಲ್ಲ ನಾನು ಆಸೆಪಟ್ಟು ಕಲಿತದ್ದಲ್ಲ. ಅವನು ನನ್ನ ಅಂಗಡಿಗೆ ಬಂದು ಲೊಂಟೊಂಗ್ ಎಂಬ ಅನ್ನದ ಕಡುಬಿನ ಮೇಲೆ ಹಲಸಿನಕಾಯಿ ಸಾರು ಹಾಕಿಸಿಕೊಂಡು, ಅದನ್ನು ಆರಲು ಬಿಟ್ಟು, ಈ ಕೊಳವೆ ಪುರಾಣ ಓದುತ್ತಾನೆ. ಸಾರು ಆರಿದ ಮೇಲೆ ಬಿಸಿ ಮಾಡಿಕೊಡಿ ಎನ್ನುತ್ತಾನೆ.

ಶ್ರುತಿ ಹಿಡಿಯಲು ಅವನ ಬಳಿ ಯಂತ್ರ ಗಿಂತ್ರ ಇಲ್ಲ. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ ಸ್ಪೀಕರಿನ ಮೇಲೆ ನಾಲ್ಕು ಕಾಳು ಅಕ್ಕಿ ಹಾಕುತ್ತಾನೆ. ಫೋನಿನಿಂದ ಒಂದೇ ಸಮನೆ ಹೂಂಗುಡುವ ಸದ್ದೊಂದನ್ನು ಬಿಟ್ಟು, ಅದನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬರುತ್ತಾನೆ. ಅಕ್ಕಿ ಕಾಳು ಕುಣಿಯುತ್ತದೆ, ಕುಣಿಯುತ್ತದೆ, ಒಂದು ಕಡೆ ತಟ್ಟನೆ ಸುಮ್ಮನಾಗುತ್ತದೆ. ಆಗ ಕೊಳವೆಯ ಬಾಯಿಗೆ ಕೈ ಹಿಡಿದರೆ ಗಾಳಿ ರಭಸದಿಂದ ಬಡಿಯುತ್ತದೆ. ಸ್ಪೀಕರ್ ಸುಮ್ಮನಿದ್ದು ಗಾಳಿಯೇ ಹಾಡುವ ಆ ಜಾಗವೇ ಪೆಟ್ಟಿಗೆಯ ಶ್ರುತಿ. ಅದಕ್ಕಿಂತಲೂ ಕೆಳಗಿಳಿಸಿದರೆ ಅಕ್ಕಿ ಮತ್ತೆ ಎಗರಾಡಿ ಅವನ ಮೂಗಿಗೆ ಬಡಿಯುತ್ತದೆ. ಅಕ್ಕಿ ನನ್ನ ಡಬ್ಬಿಯದು.

ಇನ್ನು ಅವನ ಸಂಸಾರದ ವಿಷಯ. ಎದುರು ಮನೆ ಅವನ ಅತ್ತೆ ಮಾಕ್ ನಿಬಾರಳದು; ಅಮಾಕ್, ಮಾಕ್ ಎಂದರೆ ನಮ್ಮಲ್ಲಿ ಅಮ್ಮ. ಆಕೆಗೆ ಅವಳ ತಾಯಿಯಿಂದ ಬಂದದ್ದು, ಮುಂದೆ ಮಗಳು ಯುಲ್ಮೈದಾಳಿಗೆ, ಅಂದರೆ ದಾರ್ನಿಸನ ಹೆಂಡತಿಗೆ, ಹೋಗುವಂಥದ್ದು. ನಮ್ಮಲ್ಲಿ ಎಲ್ಲ ಮನೆಗಳೂ ಹಾಗೆಯೇ. ಗಂಡನಾದವನು ಹೆಂಡತಿಯ ಮನೆಗೆ ಬಂದು ಇರುತ್ತಾನೆ, ಊಟಕ್ಕೆ ಮೊದಲು ಅವನಿಗೇ ಬಡಿಸುತ್ತಾರೆ, ಒಳ್ಳೆಯ ಚಾಪೆ ಹಾಸಿ ಕೂರಿಸುತ್ತಾರೆ. ಎಷ್ಟು ವರ್ಷ ಇದ್ದರೂ ನೆಂಟನೇ. ನೆಂಟನನ್ನು ಬೈಯುವಂತಿಲ್ಲ. ಅತ್ತೆ ಅಳಿಯನ ಎದುರು ನಿಂತು ಮಾತಾಡುವುದೂ ಇಲ್ಲ. ಹೇಳಬೇಕಾದದ್ದನ್ನು ಕೋಳಿಗೆ ಹೇಳುತ್ತಾಳೆ, ಅಳಿಯ ಕೇಳಿಸಿಕೊಳ್ಳುತ್ತಾನೆ.

ಮೊದಲು ದಾರ್ನಿಸ್ ಅಡುಗೆಮನೆಯ ಕೆಳಗೇ, ಮನೆ ನಿಂತಿರುವ ಕಂಬಗಳ ನಡುವೆ, ಕೆಲಸ ಮಾಡುತ್ತಿದ್ದ. ಒಂದು ದಿನ ಮಾಕ್ ನಿಬಾರ್ ಅಂಗಳದಲ್ಲಿ ನಿಂತು ತನ್ನ ಹೇಂಟೆಕೋಳಿಗೆ, "ಅಯ್ಯೋ ಪಾಪ, ನಿನ್ ಮೊಟ್ಟೆ ಒಳಗೇ ಕಲಕಿ ಹೋಗ್ತಿರ್ಬೇಕು ಅಲ್ವೇನೆ, ನನಗೆ ಕಲಕೋ ಕೆಲಸ ತಪ್ತು" ಎಂದಳು. ಮರುದಿನ ದಾರ್ನಿಸ್ ತನ್ನ ಗರಗಸ, ಹಲಗೆ, ಅಂಟಿನ ಡಬ್ಬ ಎಲ್ಲವನ್ನೂ ರಂಬುಟಾನ್ ಮರದ ಬುಡಕ್ಕೆ ಸಾಗಿಸಿದ. ಇನ್ನೊಂದು ಸಲ ಒಣಗಲು ಹರವಿದ್ದ ಮೆಣಸಿನಕಾಯಿಯ ಮೊರಕ್ಕೆ, "ಈ ಸಲ ನಿಂಗೆ ಹಲಗೆ ಹೊಟ್ಟಿನ ಮಸಾಲೆ ಬಿತ್ತು" ಎಂದಳು. ಅಂದಿನಿಂದ ಗಾಳಿ ಬೀಸುವಾಗ ಅವನು ಗರಗಸ ಮುಟ್ಟಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ಸೂಚನೆ ಹಿಡಿಯುವುದರಲ್ಲಿ ಅವನನ್ನು ಮೀರಿಸುವ ಅಳಿಯ ಈ ಬೀದಿಯಲ್ಲಿ ಇಲ್ಲ ಎಂದು ಎಲ್ಲರೂ ಒಪ್ಪಿದ್ದರು. ನನ್ನ ಗಂಡನಿಗೆ ನಮ್ಮಮ್ಮ ಮೇಕೆ, ಬೆಕ್ಕು, ಒನಕೆ ಎಲ್ಲಕ್ಕೂ ಹೇಳಿ ಸೋತಿದ್ದಳು.

ತೊಂದರೆ ಶುರುವಾದದ್ದು ಈಸೊನ್ ಎಂಬ ಡ್ರೈವರನಿಂದ. ಲುಬುಕ್ ಬುವಾಯದಿಂದ ಪೇಟೆಗೆ ಅಂಗ್ಕೋಟ್ ಓಡಿಸುವ ಅವನಿಗೆ ತನ್ನ ಹಳೆಯ ಪೆಟ್ಟಿಗೆ ಸಾಲದೆನಿಸಿತು.

"ಅಜೊ, ಇಡೀ ಪಾಡಾಂಗಲ್ಲಿ ಬೇರೆ ಯಾರ ಹತ್ರಾನೂ ಇಲ್ಲದಷ್ಟು ಆಳದ ಬೇಸ್ ಬೇಕು. ಭೂಕಂಪ ಅಂತ ಜನ ಮನೆಯಿಂದ ಈಚೆ ಬರಬೇಕು" ಎಂದ.

ದಾರ್ನಿಸ್ ಹಿಗ್ಗಿದ. ಅವನಿಗೂ ಅದೇ ಹುಚ್ಚು. ಮೂರು ಪೆಟ್ಟಿಗೆಗೆ ಸಾಲುವಷ್ಟು ಶ್ರದ್ಧೆ ಒಂದಕ್ಕೇ ಸುರಿದ. ಕೊಳವೆಯನ್ನು ಒಳಗೆ ಮಡಿಸಿ, ತಿರುಗಿಸಿ, ಅಷ್ಟುದ್ದ ತೂರಿಸಿದ. ಶ್ರುತಿ ಪಾತಾಳಕ್ಕಿಳಿಯಿತು. ಅಕ್ಕಿ ಕಾಳು ಸುಮ್ಮನಾದ ಜಾಗದಲ್ಲಿ ನನ್ನ ಕಿವಿಗೆ ಏನೂ ಕೇಳಲಿಲ್ಲ, ಹಲ್ಲು ಮಾತ್ರ ಅದುರಿತು. ಪೆಟ್ಟಿಗೆಯನ್ನು ವ್ಯಾನಿನ ಹಿಂದಿನ ಸೀಟಿನ ಕೆಳಗೆ ಕೂರಿಸಿ, ದಾರ್ನಿಸ್ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಳಿತ. ಇಂಥದ್ದನ್ನು ತನ್ನ ಜೀವಮಾನದಲ್ಲಿ ಮಾಡಿರಲಿಲ್ಲ ಎಂದ.

ಮಕ್ಕಳು ಹತ್ತಲಿಲ್ಲ. ಹತ್ತಿದವರು ಮಾರನೆಯ ದಿನ ಬೇರೆ ವ್ಯಾನಿಗೆ ಹೋದರು. ಅಂಗ್ಕೋಟಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಅಷ್ಟು ಆಳದ ದನಿ ಒಳಗೆ ಕುಳಿತವರನ್ನು ಬಿಟ್ಟು ಹೊರಗೆ ಹಾರಿ ನನ್ನ ಲೋಟಗಳನ್ನು ಹಿಡಿಯುತ್ತಿತ್ತು. ಒಳಗಿದ್ದವರಿಗೆ ದೂರದಲ್ಲೆಲ್ಲೋ ಲಾರಿ ಹೋದಂತೆ ಕೇಳುತ್ತಿತ್ತಂತೆ. ಈಸೊನ್ ಬಂದು ಗೊಣಗಿದ.

"ಈ ಕಾಲದ ಮಕ್ಕಳಿಗೆ ಕಿವಿ ಇಲ್ಲ" ಎಂದ ದಾರ್ನಿಸ್.

"ಕಿವಿ ಇಲ್ದಿದ್ರೆ ಪರವಾಗಿಲ್ಲ ಅಜೊ, ಕಾಲಿದೆ. ಬೇರೆ ವ್ಯಾನ್ ಹತ್ತೋಕೆ ಅಷ್ಟು ಸಾಕು."

ಹೀಗಿರುವಾಗ ಒಂದು ಮಧ್ಯಾಹ್ನ ಆ ಘಟನೆ ನಡೆಯಿತು. ಮಾಕ್ ನಿಬಾರ್ ಪೇಟೆಯಲ್ಲಿ ಮರಗೆಣಸಿನ ಚಿಪ್ಸ್ ಮಾರಿ ಈಸೊನನ ವ್ಯಾನಿನಲ್ಲೇ ವಾಪಸಾದಳು. ಇಳಿದವಳು ಮೆಟ್ಟಿಲ ಕಡೆ ಹೋಗಲಿಲ್ಲ. ಖಾಲಿ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ನೇರವಾಗಿ ರಂಬುಟಾನ್ ಮರದ ಕೆಳಗೆ ನಡೆದು, ಅಳಿಯನ ಎದುರು ನಿಂತು, ಅವನ ಮುಖ ನೋಡಿ ಹೇಳಿದಳು.

"ದಾರ್ನಿಸ್, ಕೊಳವೆ ಉದ್ದ ಆಯ್ತು. ಕತ್ತರಿಸು."

ಹೇಳಿ ಮನೆಯೊಳಗೆ ಹೋದಳು. ನಾನು ಸಾರು ಸೌಟಿನಲ್ಲಿ ಎತ್ತಿದವಳು ಹಾಗೇ ನಿಂತುಬಿಟ್ಟೆ. ಕೋಳಿ ಅಂಗಳದಲ್ಲೇ ಇತ್ತು. ಅದರ ಪಾಲಿಗೆ ಒಂದು ಮಾತೂ ಬರಲಿಲ್ಲ.

ದಾರ್ನಿಸ್ ರಸ್ತೆ ದಾಟಿ ಬಂದು ನನ್ನ ಬೆಂಚಿನ ಮೇಲೆ ಕುಳಿತ. ಮುಖ ಬಿಳಿಚಿಕೊಂಡಿತ್ತು. ಅಲ್ಲಿ ಆಗಲೇ ಸುತಾನ್ ಬಹಾರ್ ಮೊಟ್ಟೆ ಚಹಾ ಕುಡಿಯುತ್ತ ಕುಳಿತಿದ್ದ. ಈ ಬಹಾರನನ್ನು ಮೂರು ಹೆಂಡಿರ ಮನೆಯವರು ಬೇರೆ ಬೇರೆ ಕಾಲದಲ್ಲಿ ಹೊರಗೆ ಕಳಿಸಿದ್ದಾರೆ. ಹಾಗಾಗಿ ಅತ್ತೆಯ ಮಾತಿಗೆ ಅರ್ಥ ಹೇಳುವುದರಲ್ಲಿ ಅವನದೇ ಕೊನೆಯ ಮಾತು.

"ಮುಖ ನೋಡಿ ಹೇಳಿದ್ರಾ?" ಎಂದು ಕೇಳಿದ ಬಹಾರ್.

"ಮುಖ ನೋಡೇ ಹೇಳಿದ್ರು."

"ಕೋಳಿ ಇರ್ಲಿಲ್ವಾ?"

"ಅಲ್ಲೇ ಇತ್ತು."

ಬಹಾರ್ ಲೋಟ ಕೆಳಗಿಟ್ಟ. "ಹಾಗಾದ್ರೆ ಸಣ್ಣ ವಿಷಯ ಅಲ್ಲ. ಕೋಳಿಗೆ ಹೇಳೋ ಮಾತಿಗೇ ಒಂದು ಒಳ ಅರ್ಥ ಇರುತ್ತೆ. ನೇರ ಹೇಳಿದ ಮಾತಿಗೆ ಎಷ್ಟಿರಬೇಡ! ನೋಡು, ಕೊಳವೆ ಅಂದ್ರೆ ಏನು?"

"ಪ್ಲಾಸ್ಟಿಕ್ ಪೈಪು" ಎಂದೆ ನಾನು.

"ಎತೆಕ್, ನೀವು ಸುಮ್ನಿರಿ" ಎಂದ ಬಹಾರ್. ಎತೆಕ್ ಎಂದರೆ ಚಿಕ್ಕಮ್ಮ, ಬೀದಿಗೆಲ್ಲ ನಾನು ಅದೇ. "ಕೊಳವೆ ಅಂದ್ರೆ ಹೊರಗಿಂದ ಒಳಗೆ ಬಂದಿದ್ದು. ಯಾರು ಹೊರಗಿಂದ ಒಳಗೆ ಬಂದಿದ್ದು? ಅಳಿಯ. ಉದ್ದ ಆಯ್ತು ಅಂದ್ರೆ? ಬಂದು ಬಹಳ ಕಾಲ ಆಯ್ತು. ಕತ್ತರಿಸು ಅಂದ್ರೆ..." ಅವನು ಎರಡು ಬೆರಳಿನಿಂದ ಕತ್ತರಿ ಆಡಿಸಿ ಬೀದಿಯ ಕಡೆ ತೋರಿಸಿದ. ಮೂರು ಸಲದ ಅನುಭವ ಅವನದು.

"ಹೋಗಿ ಅವಳನ್ನೇ ಕೇಳಬಾರ್ದಾ ನೀನು?" ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಅತ್ತೆಯ ಎದುರು ಪಂಚೆ ಬಿಚ್ಚು ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲವೇನೋ. ಸೂಚನೆ ಅರ್ಥವಾಗಲಿಲ್ಲ ಎಂದು ಅತ್ತೆಯನ್ನು ಕೇಳುವ ಅಳಿಯ ಇನ್ನೂ ಹುಟ್ಟಿಲ್ಲ.

"ಕೊಳವೆಯನ್ನಾದ್ರೂ ಕತ್ತರಿಸಿ ನೋಡು" ಎಂದೆ.

"ಕತ್ತರಿಸಿದ್ರೆ ಏನಾಗುತ್ತೆ ಗೊತ್ತಾ ಎತೆಕ್? ಮಾತು ಅರ್ಥವಾಗದ ದಡ್ಡ ಅಂತಾಗುತ್ತೆ. ಅವರು ಅಷ್ಟು ಮರ್ಯಾದೆಯಿಂದ ಹೇಳಿದಾರೆ. ಬಾಯಿಬಿಟ್ಟು ಹೋಗು ಅನ್ನೋವರೆಗೂ ಕಾಯ್ಬಾರ್ದು." ದಾರ್ನಿಸ್ ಎದುರು ಮನೆಯ ಕಡೆ ತಿರುಗಿದ. "ಯುಲ್ಮೈದಾಗೆ ಹೇಗೆ ಹೇಳ್ಲಿ?"

ನನಗೆ ಸಿಟ್ಟೂ ಬಂತು, ಮರುಕವೂ ಆಯಿತು. ಆ ಗಂಡ ಹೆಂಡಿರು ಒಬ್ಬರಿಗೊಬ್ಬರು ಅಂಟಿಕೊಂಡವರು. ಸಂಜೆ ಹೊತ್ತು ಅವನು ಕೊಳವೆಯ ಬಾಯಂಚು ಉಜ್ಜಿ ನುಣುಪು ಮಾಡುತ್ತಿದ್ದರೆ ಅವಳು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಮರಳು ಕಾಗದ ಹರಿದು ಕೊಡುವವಳು. ಅಂಚು ಒರಟಾದರೆ ಗಾಳಿ ಬುಸುಗುಡುತ್ತದೆ ಎಂದು ಅವಳಿಗೂ ಗೊತ್ತು. ಮಕ್ಕಳಿಲ್ಲದ ಮನೆ. ಅವನು ಹೋದರೆ ಅವಳಿಗೆ ಉಳಿಯುವುದು ಕೋಳಿ ಮಾತ್ರ.

ಅವನು ಹೆಂಡತಿಗೆ ಹೇಳಿದ್ದು ಹೀಗೆ: "ಮೈದಾ, ಈ ತಿಂಗಳು ಪರಿಯಾಮನ್‌ನಲ್ಲಿ ಕಡಲ ಗಾಳಿ ಚೆನ್ನಾಗಿರುತ್ತೆ."

ಯುಲ್ಮೈದಾ ತಾಯಿಯ ಮಗಳು. ಗಂಡನಿಗೆ ಊರಿನಲ್ಲಿ ಇನ್ನೊಬ್ಬಳು ಸಿಕ್ಕಿದ್ದಾಳೆ ಎಂದು ಅವಳು ತಕ್ಷಣ ಅರ್ಥ ಮಾಡಿಕೊಂಡಳು. ಆ ರಾತ್ರಿ ಅವನ ತಟ್ಟೆಗೆ ಅನ್ನ ಹಾಕಿ ಗಂಡನಿಗೆಂದೇ ಮೀಸಲಾದ ಮೀನಿನ ತಲೆ ತೆಗೆದು ಬಾಲ ಇಟ್ಟಳು. ದಾರ್ನಿಸ್ ಬಾಲ ನೋಡಿದ. ಇವಳಿಗೂ ತಾಯಿಯ ತೀರ್ಮಾನ ತಿಳಿದಿದೆ, ಒಪ್ಪಿಗೆಯೂ ಇದೆ ಎಂದುಕೊಂಡು ತಲೆ ತಗ್ಗಿಸಿ ಉಂಡ. ಮರುದಿನ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನನ್ನ ಅಂಗಡಿಗೆ ಬಂದು ಇದನ್ನು ಹೇಳಿ ಹೋದರು. ಅವನು ಅತ್ತ, ಅವಳು ಬೈದಳು. "ಒಂದು ಸಲ ಬಾಯಿಬಿಟ್ಟು ಮಾತಾಡ್ರೋ" ಎಂದು ಇಬ್ಬರಿಗೂ ಹೇಳಿದೆ. ನನ್ನ ಮಾತಿನಲ್ಲಿ ಒಳ ಅರ್ಥವಿಲ್ಲವಾದ್ದರಿಂದ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಹೊರಟೇಬಿಟ್ಟ. ಈಸೊನನ ವ್ಯಾನು ಜನ ತುಂಬಲಿ ಎಂದು ನನ್ನ ಅಂಗಡಿಯ ಮುಂದೆ ನಿಂತಿತ್ತು. ತುಂಬುವ ಲಕ್ಷಣ ಇರಲಿಲ್ಲ. ದಾರ್ನಿಸ್ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಪಂಚೆಯಲ್ಲಿ ಸುತ್ತಿದ ಗರಗಸ ಹಿಡಿದು ಬಂದು ಹಿಂದಿನ ಸೀಟಿನಲ್ಲಿ, ತನ್ನದೇ ಪೆಟ್ಟಿಗೆಯ ಮೇಲೆ ಕುಳಿತ. ಯುಲ್ಮೈದಾ ಮೆಟ್ಟಿಲ ಮೇಲೆ ಕೈ ಕಟ್ಟಿ ನಿಂತಿದ್ದಳು. ಅವನು ಅತ್ತ ನೋಡಲಿಲ್ಲ. ಬಹಾರ್ ನನ್ನ ಬೆಂಚಿನಲ್ಲಿ ಕುಳಿತು, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಚಹಾ ಹೀರುತ್ತಿದ್ದ.

ಅಷ್ಟರಲ್ಲಿ ಮಾಕ್ ನಿಬಾರ್ ಚಿಪ್ಸಿನ ಬುಟ್ಟಿಗಳೊಂದಿಗೆ ಬಂದಳು. ಅವಳೂ ದಿನಾ ಕೂರುವುದು ಅದೇ ಸೀಟಿನಲ್ಲಿ. ಅತ್ತೆಗೆ ಜಾಗ ಬಿಡಲು ದಾರ್ನಿಸ್ ಧಡಕ್ಕನೆ ಎದ್ದ, ತಲೆ ಚಾವಣಿಗೆ ಬಡಿಯಿತು. ಅವಳು ಕುಳಿತಳು. ಈಸೊನ್ ಹಾಡು ಹಾಕಿದ. ನನ್ನ ಲೋಟಗಳು ಹೊರಟವು. ಮಾಕ್ ನಿಬಾರ್ ಸ್ವಲ್ಪ ಹೊತ್ತು ಸೊಂಟ ಆಚೀಚೆ ಸರಿಸಿ ನೋಡಿದಳು. ಮುಖ ಸಿಂಡರಿಸಿದಳು.

"ಇನ್ನೂ ಕತ್ತರಿಸಿಲ್ಲ ನೀನು" ಎಂದಳು. ಮತ್ತೆ ನೇರವಾಗಿ, ಮುಖ ನೋಡಿ.

ದಾರ್ನಿಸ್ ಅರ್ಧ ಬಗ್ಗಿ ನಿಂತಿದ್ದ. "ಇವತ್ತು ಕತ್ತರಿಸ್ಕೊಂಡು ಹೋಗ್ತಿದೀನಿ ಅಮಾಕ್. ನಿಮ್ ಕೈಲಿ ಇನ್ನೊಂದ್ಸಲ ಹೇಳಿಸ್ಕೊಳ್ಳಲ್ಲ."

"ಎಲ್ಲಿಗೆ ಹೋಗ್ತಿದೀಯ?"

"ಪರಿಯಾಮನ್‌ಗೆ."

"ಒಂದ್ ಕೊಳವೆ ಕತ್ತರಿಸೋಕೆ ಪರಿಯಾಮನ್‌ಗ್ಯಾಕೆ? ಗರಗಸ ನಿನ್ ಕೈಯಲ್ಲೇ ಇದೆಯಲ್ಲ?"

ಈಸೊನ್ ಹಾಡು ನಿಲ್ಲಿಸಿದ. ದಾರ್ನಿಸ್ ತುಟಿ ಒದ್ದೆ ಮಾಡಿಕೊಂಡು, ಯಾವ ಅಳಿಯನೂ ಕೇಳದ ಪ್ರಶ್ನೆಯನ್ನು ಕೇಳಿದ.

"ಯಾವ ಕೊಳವೆ, ಅಮಾಕ್?"

"ಯಾವ ಕೊಳವೆ ಅಂದ್ರೆ? ಎಷ್ಟಿದಾವೆ ನಿನ್ ಹತ್ರ?" ಅವಳು ಸೀಟಿಗೆ ಅಂಗೈಯಿಂದ ಬಡಿದಳು. "ಇದರ ಕೆಳಗಿರೋದು! ಮೊದಲಿನ ಪೆಟ್ಟಿಗೆ ಇದ್ದಾಗ ಪೇಟೆ ಮುಟ್ಟೋ ಹೊತ್ತಿಗೆ ನನ್ ಸೊಂಟದ ನೋವು ಅರ್ಧ ಇಳಿದಿರ್ತಿತ್ತು. ಚೆನ್ನಾಗಿ ಗುದ್ದೋದು. ಇದೇನೋ ಹಾಳಾದ್ದು, ಎಲ್ಲೋ ಕೆಳಗೆ ಹೋಗಿ ಗೊರಗೊರ ಅನ್ನುತ್ತೆ. ನನಗೂ ಮುಟ್ಟಲ್ಲ, ಮಕ್ಕಳಿಗೂ ಮುಟ್ಟಲ್ಲ. ಮೊನ್ನೆ ಒಂದ್ ಹುಡುಗಿ ಇದರ ಮೇಲೆ ಕೂತು ಪಾಠ ಓದ್ತಿದ್ಲು. ಪಾಠ! ಕೊಳವೆ ಉದ್ದ ಆದ್ರೆ ದನಿ ಕೆಳಗೋಗುತ್ತೆ ಅಂತ ಹನ್ನೊಂದು ವರ್ಷದಿಂದ ನನ್ ಅಂಗಳದಲ್ಲಿ ಒದರ್ತಿರೋನು ನೀನೇ ಅಲ್ವಾ?"

ಬಹಾರ್ ಬೆಂಚಿನಿಂದ ಎದ್ದ. "ಈ ಮಾತಲ್ಲೂ ಒಂದು ಒಳ ಅರ್ಥ..."

"ಬಹಾರ್, ನೀನು ಬಾಯ್ಮುಚ್ಚು" ಎಂದಳು ಮಾಕ್ ನಿಬಾರ್. ಅವನು ಕುಳಿತ. ಅದರಲ್ಲಿ ಒಳ ಅರ್ಥ ಹುಡುಕಲು ಹೋಗಲಿಲ್ಲ.

ದಾರ್ನಿಸ್ ಚೀಲ ಕೆಳಗೆ ಎಸೆದ. ಪೆಟ್ಟಿಗೆಯನ್ನು ಎಳೆದು ರಸ್ತೆ ಬದಿಗೆ ತಂದು ಮಲಗಿಸಿದ. ಸ್ಪೀಕರ್ ಬಿಚ್ಚಿ ಕೊಳವೆ ಹೊರಗೆ ತೆಗೆದಾಗ ಅದರ ಉದ್ದ ನೋಡಿ ನನಗೇ ಅಸಹ್ಯವಾಯಿತು. ಅವನು ಗರಗಸ ಹಿಡಿದು ತಿರುವಿನ ಭಾಗವನ್ನೇ ಹಾರಿಸಿಬಿಟ್ಟ. ಉಳಿದದ್ದನ್ನು ಕೂರಿಸಿ, ಎಲ್ಲ ಬಿಗಿದು, ನನ್ನ ಡಬ್ಬಿಗೆ ಕೇಳದೆ ಕೈ ಹಾಕಿ ಅಕ್ಕಿ ತಂದ. ಫೋನಿನ ಸದ್ದು ಇಳಿಯುತ್ತ ಬಂತು. ಕಾಳು ಸುಮ್ಮನಾಯಿತು. "ಇನ್ನೂ ಸ್ವಲ್ಪ ಮೇಲೆ ಬೇಕು" ಎಂದು ತನಗೆ ತಾನೇ ಹೇಳಿಕೊಂಡು ಬಿಚ್ಚಿದ, ಇನ್ನೊಂದು ಬಳೆಯಷ್ಟು ಕತ್ತರಿಸಿದ. ಅಂಚು ಒರಟಾಗಿತ್ತು. ಅವನು ಮರಳು ಕಾಗದಕ್ಕಾಗಿ ಚೀಲ ತಡಕಾಡುತ್ತಿದ್ದಾಗ ಯುಲ್ಮೈದಾ ಮೆಟ್ಟಿಲಿಳಿದು ಬಂದು ಒಂದು ತುಂಡು ಹರಿದು ಅವನ ಮುಂದೆ ಹಿಡಿದಳು.

"ಪರಿಯಾಮನ್‌ನಲ್ಲಿ ಯಾರಿದಾಳೆ?" ಎಂದಳು. ಅಂದು ಎಲ್ಲರಿಗೂ ನೇರ ಮಾತಿನ ರೋಗ ಹತ್ತಿತ್ತು.

"ನಮ್ಮಮ್ಮ" ಎಂದ ದಾರ್ನಿಸ್. "ಎಂಬತ್ತು ವರ್ಷ."

ಅವಳು ಕಾಗದವನ್ನು ಅವನ ಕೈಗೆ ಕೊಡದೆ ತಾನೇ ಕುಕ್ಕರುಗಾಲಿನಲ್ಲಿ ಕುಳಿತು ಅಂಚು ಉಜ್ಜಿದಳು. ಅವಳ ಮೂಗು ಸೋರುತ್ತಿತ್ತು.

ಪೆಟ್ಟಿಗೆ ಒಳಗೆ ಹೋಯಿತು. ಈಸೊನ್ ಮತ್ತೆ ಹಾಡು ಹಾಕಿದ. ನನ್ನ ಲೋಟಗಳು ಇದ್ದಲ್ಲೇ ನಿಂತವು. ವ್ಯಾನಿನೊಳಗೆ ಮಾತ್ರ ಧಮ್ ಧಮ್ ಎಂದು, ಬಾಗಿಲ ಬಳಿ ನಿಂತವನ ಅಂಗಿ ಅಲುಗುವ ಹಾಗೆ ಗುದ್ದತೊಡಗಿತು. ಆಚೆ ನಿಂತಿದ್ದ ಕಾಲೇಜಿನ ಮೂವರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ಓಡಿಬಂದು ಹತ್ತಿದರು. ಮಾಕ್ ನಿಬಾರ್ ಸೊಂಟವನ್ನು ಸರಿಯಾದ ಜಾಗಕ್ಕೆ ತಂದು ಕಣ್ಣು ಮುಚ್ಚಿದಳು.

"ಹಾಂ. ಈಗ ಮುಟ್ತು" ಎಂದಳು.

ದಾರ್ನಿಸ್ ಬಾಗಿಲು ಹಿಡಿದು ನಿಂತಿದ್ದ. ಮೈಯೆಲ್ಲ ಹೊಟ್ಟು. ಅವನಿಗೆ ತಡೆಯಲಾಗಲಿಲ್ಲ. "ಅಮಾಕ್, ಹನ್ನೊಂದು ವರ್ಷ ಎಲ್ಲಾ ಕೋಳಿಗೇ ಹೇಳಿದ್ರಿ. ನಾನು ಒಂದೂ ತಪ್ಪಿಸ್ಲಿಲ್ಲ. ಇದೊಂದನ್ನ ಯಾಕೆ ನನಗೇ ಹೇಳಿದ್ರಿ? ನಾನು ಸತ್ತೇ ಹೋಗಿದ್ದೆ."

ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಮೊದಲು ಸಿಟ್ಟಿನಿಂದ ನೋಡಿದಳು. ಆಮೇಲೆ ಅವನು ನಿಜವಾಗಿಯೂ ಕೇಳುತ್ತಿದ್ದಾನೆ ಎಂದು ಗೊತ್ತಾಗಿ ಬೇರೆ ಥರ ನೋಡಿದಳು.

"ಕೋಳಿಗೆ ಹೇಳೋದು ನೆಂಟರಿಗೆ ಕೇಳ್ಲಿ ಅಂತ ಕಣೋ" ಎಂದಳು. "ಮನೆ ಮಕ್ಕಳಿಗೆ ಯಾರಾದ್ರೂ ಕೋಳಿ ಕೈಲಿ ಹೇಳಿಸ್ತಾರಾ?"

ವ್ಯಾನು ತುಂಬಿತ್ತು. ಈಸೊನ್ ಹೊರಟ. ದಾರ್ನಿಸ್ ರಸ್ತೆಯ ನಡುವೆಯೇ ನಿಂತಿದ್ದ. ಹಿಂದಿನಿಂದ ಬಂದ ಮೋಟರ್ ಬೈಕಿನವನು ಹಾರ್ನ್ ಹೊಡೆದರೂ ಅಲುಗಲಿಲ್ಲ. ಯುಲ್ಮೈದಾ ಅವನ ಚೀಲ ಎತ್ತಿಕೊಂಡು, ತೋಳು ಹಿಡಿದು ಎಳೆದು ಈ ಕಡೆ ತಂದು ನನ್ನ ಬೆಂಚಿನ ಮೇಲೆ ಕೂರಿಸಿದಳು. ನಾನು ಲೊಂಟೊಂಗ್ ಹಾಕಿಕೊಟ್ಟೆ. ಬಿಸಿ ಇರುವಾಗಲೇ ತಿಂದ. ನಾನು ಅತ್ತದ್ದು ಈರುಳ್ಳಿಗೆ ಎಂದು ಬಹಾರನಿಗೆ ಹೇಳಿದೆ. ಈರುಳ್ಳಿ ಹೆಚ್ಚಿ ಆಗಲೇ ಮುಗಿದಿತ್ತು.

ಆಮೇಲಿನ ವಾರ ಅವನು ಬೆಳಿಗ್ಗೆಯೇ ಬಂದು ನನ್ನೆದುರು ಕುಳಿತ. ಮುಖ ಅರಳಿತ್ತು.

"ಏನೋ, ಹೊಸ ಪೆಟ್ಟಿಗೆ ಸಿಕ್ತಾ?" ಎಂದೆ.

"ಇಲ್ಲ ಎತೆಕ್. ಒದ್ದೆ ಟವಲ್‌ನ ಹಾಸಿಗೆ ಮೇಲೆ ಬಿಸಾಡಿದ್ದೆ. ಅಮಾಕ್ ನೋಡಿದ್ರು. ಕತ್ತೆ ಅಂದ್ರು." ಅವನು ಸುತ್ತ ಕುಳಿತವರಿಗೆಲ್ಲ ಕೇಳಲಿ ಎಂದು ದನಿ ಎತ್ತರಿಸಿದ. "ನನ್ ಮುಖ ನೋಡ್ಕೊಂಡೇ ಅಂದ್ರು."